ರಾತ್ರಿ 11 ಆದರೂ ಬೆಡ್‌ರೂಂ 36 ಡಿಗ್ರಿ. 1 ಟನ್ ಎಸಿ ಸಾಲಲ್ವಾ? (ವಿಜಯಪುರ, ಹೊಸ ಮನೆ)

ಹೊಸಮನೆ_ವಿಜಯಪುರ:
ಎಲ್ಲರಿಗೂ ನಮಸ್ಕಾರ. ಸೋಲಾಪುರ ರಸ್ತೆ ಕಡೆ ಮನೆ ಕಟ್ಟಿಸಿ ಫೆಬ್ರವರಿಯಲ್ಲಿ ಗೃಹಪ್ರವೇಶ ಮಾಡಿದೆವು. 30×40 ಸೈಟು, ಪೂರ್ವಕ್ಕೆ ಬಾಗಿಲು. ಮೇಲೆ ಎರಡು ಬೆಡ್‌ರೂಂ, ಎರಡೂ 12×12. ಏಪ್ರಿಲ್ ಬಂದಿದ್ದೇ ತಡ, ಮೇಲೆ ಮಲಗುವುದೇ ಕಷ್ಟ ಆಗಿದೆ. ನಿನ್ನೆ ರಾತ್ರಿ 11ಕ್ಕೆ ಹೊರಗೆ 31 ಡಿಗ್ರಿ, ರೂಮಲ್ಲಿ 36. ಫ್ಯಾನ್ ಹಾಕಿದರೆ ಒಲೆ ಮುಂದೆ ಕೂತ ಹಾಗೆ. 1 ಟನ್ ಎಸಿ ಹಾಕಿಸಿದ್ದೇನೆ, ರಾತ್ರಿ 1 ಆದರೂ 29ರ ಕೆಳಗೆ ಇಳಿಯಲ್ಲ. ಅಂಗಡಿಯವರು 2 ಟನ್ ಹಾಕಿಸಿ ಅನ್ನುತ್ತಾರೆ. ಅಮ್ಮ ಮಾತ್ರ ಕೆಳಗೆ ಪಡಸಾಲೆಯಲ್ಲಿ ಹಾಸಿಕೊಂಡು ಆರಾಮಾಗಿ ಮಲಗುತ್ತಾರೆ.

ಬಿಸಿಲುಕುದುರೆ:
ಪಿಒಪಿ ಫಾಲ್ಸ್ ಸೀಲಿಂಗ್ ಹಾಕಿಸಿಬಿಡಿ ಸರ್. ನೋಡೋಕೂ ಚೆಂದ.

ಗೌಂಡಿ_ಮಗ:
ತಡೀರಿ, ದುಡ್ಡು ಸುರಿಯೋ ಮೊದಲು ಕಾವು ಎಲ್ಲಿಂದ ಬರುತ್ತಿದೆ ಅಂತ ನೋಡೋಣ. ನಿಮ್ಮ ಅಮ್ಮನವರು ಅರ್ಧ ಉತ್ತರ ಆಗಲೇ ಕೊಟ್ಟಿದ್ದಾರೆ. ಕೆಳಗೆ ಆರಾಮ, ಮೇಲೆ ಒಲೆ ಅಂದರೆ ಮೊದಲ ಅನುಮಾನ ಸ್ಲ್ಯಾಬ್ ಮೇಲೆ.

ಮಧ್ಯಾಹ್ನ 12ಕ್ಕೆ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಇಟ್ಟು ನೋಡಿ. ರಾತ್ರಿ 8ಕ್ಕೆ ಮತ್ತೆ ಇಟ್ಟು ನೋಡಿ. 5 ಇಂಚಿನ ಸ್ಲ್ಯಾಬ್ ದಾಟಿ ಬರೋಕೆ ಬಿಸಿಲಿನ ಕಾವಿಗೆ ಕೆಲವು ಗಂಟೆ ಬೇಕು. 2 ಗಂಟೆಯ ಬಿಸಿಲು ನಿಮ್ಮ ತಲೆ ಮೇಲೆ ಇಳಿಯೋದು ಸಂಜೆ ದೀಪ ಹಚ್ಚೋ ಹೊತ್ತಿಗೆ. ಅದಕ್ಕೇ ಹೊರಗೆ ತಂಪಾದರೂ ಒಳಗೆ ಧಗೆ ಹೋಗಲ್ಲ. ಮುಟ್ಟದೆ ದೂರದಿಂದಲೇ ಕಾವು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಹೊಳೆಯುವ ಸ್ಟೀಲ್ ಮೇಲೆ ಹಿಡಿಯಬೇಡಿ, ಸುಳ್ಳು ಹೇಳುತ್ತದೆ. ಬಣ್ಣ ಹಚ್ಚಿದ ಗೋಡೆ, ಸೀಲಿಂಗ್ ಮೇಲೆ ಹಿಡಿದರೆ ಸಾಕು.

ಇನ್ನೊಂದು, ಮಾಳಿಗೆ ಮೇಲೆ ಏನು ಹಾಕಿಸಿದ್ದೀರಿ? ಬಣ್ಣ ಯಾವುದು?

ಹೊಸಮನೆ_ವಿಜಯಪುರ:
ಗೆಳೆಯನ ವರ್ಕ್‌ಶಾಪಿಂದ ಥರ್ಮಾಮೀಟರ್ ತಂದೆ. ರಾತ್ರಿ 9ರ ಲೆಕ್ಕ: ಸೀಲಿಂಗ್ 41, ಪಶ್ಚಿಮದ ಗೋಡೆ 38, ಪೂರ್ವದ ಗೋಡೆ 34. ಮಾಳಿಗೆ ಮೇಲೆ ಸೋರಬಾರದು ಅಂತ ಕಂತ್ರಾಟುದಾರರು ಕಪ್ಪು ಡಾಂಬರ್ ಶೀಟ್ ಅಂಟಿಸಿದ್ದಾರೆ. ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ಹೋಗಿ ಬೊಬ್ಬೆ ಎದ್ದಿದೆ.

ಗೌಂಡಿ_ಮಗ:
ಸಿಕ್ಕಿತಲ್ಲ! ಸ್ಲ್ಯಾಬಿಗೆ ಕರಿ ಕಂಬಳಿ ಹೊದಿಸಿ ಬಿಸಿಲಲ್ಲಿ ಮಲಗಿಸಿದ್ದೀರಿ. ವಿಜಯಪುರ ಸುಮಾರು 16.8 ಡಿಗ್ರಿ ಅಕ್ಷಾಂಶದಲ್ಲಿದೆ. ಮೇ 7ರ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಬೇಸಿಗೆಯಲ್ಲಿ ಯಾವ ಗೋಡೆಗಿಂತಲೂ ಜಾಸ್ತಿ ಬಿಸಿಲು ತಿನ್ನೋದು ಮಾಳಿಗೆ. 41 ಡಿಗ್ರಿಯ ಸೀಲಿಂಗ್ ಕೆಳಗೆ ಎಸಿ ಹಾಕೋದು ಅಂದರೆ ಒಲೆ ಆರಿಸದೆ ಹಾಲಿಗೆ ಊದಿದ ಹಾಗೆ. 2 ಟನ್ ಹಾಕಿದರೆ ರೂಂ ತಣ್ಣಗಾಗುತ್ತೆ, ಇಲ್ಲ ಅನ್ನಲ್ಲ. ಬಿಲ್ಲು ಬಂದಾಗ ಮತ್ತೆ ಬೆವರುತ್ತೀರಿ.

ಫಾಲ್ಸ್ ಸೀಲಿಂಗ್ ಬೇಡ ಅನ್ನಲ್ಲ, ಸ್ವಲ್ಪ ತಡೆಯುತ್ತದೆ. ಆದರೆ ಸ್ಲ್ಯಾಬ್ ಅಷ್ಟೇ ಕಾಯುತ್ತಿರುತ್ತದೆ. ತಡೆಯೋದಾದರೆ ಹೊರಗೇ ತಡೆಯಬೇಕು.

ಈಗ ಪೂರ್ತಿ ಖರ್ಚು ಬೇಡ. ಒಂದು ರೂಮಿನ ಮೇಲಷ್ಟೇ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿ ಎರಡು ಕೋಟ್ ಹೊಡೆಯಿರಿ. ಇನ್ನೊಂದು ಹಾಗೇ ಇರಲಿ. ನಾಲ್ಕು ದಿನ ಬಿಟ್ಟು ಎರಡನ್ನೂ ಅಳೆಯಿರಿ. ಡಾಂಬರ್ ಮೇಲೆ ಸುಣ್ಣ ತುಂಬಾ ದಿನ ನಿಲ್ಲಲ್ಲ, ಇದು ಪರೀಕ್ಷೆಗೆ ಮಾತ್ರ.

ನವನಗರ_ಸೆಕ್ಟರ್:
ನಾನು ಬಾಗಲಕೋಟೆಯವನು. ನಮ್ಮದೂ ಇದೇ ಕಥೆ, ಆದರೆ ನಮ್ಮ ಗೋಳು ಪಶ್ಚಿಮದ ಕಿಟಕಿಯದು. 4 ಅಡಿಯ ಸ್ಲೈಡಿಂಗ್ ಕಿಟಕಿ, ಎಷ್ಟೇ ಸರಿಸಿದರೂ ತೆರೆಯೋದು ಅರ್ಧ. ಮನೆಗಳಲ್ಲಿ ಇಂಧನ ಉಳಿಸೋಕೆ ಕೇಂದ್ರ ಸರ್ಕಾರ ತಂದ ಇಕೋ ನಿವಾಸ್ ಸಂಹಿತಾ 2018ರಲ್ಲಿ ಬಿಸಿ-ಒಣ ಹವೆಗೆ ನೆಲದ ವಿಸ್ತೀರ್ಣದ ಶೇ. 10ರಷ್ಟಾದರೂ ತೆರೆಯುವ ಜಾಗ ಬೇಕು ಅಂತಿದೆ. ಅದು ಇಡೀ ಮನೆಗೆ ಹಾಕುವ ಲೆಕ್ಕ, ಆದರೂ ನಿಮ್ಮ 12×12 ರೂಮಿಗೆ ಹಾಕಿ ನೋಡಿ: 144 ಚದರ ಅಡಿಗೆ 14.4. ನಮ್ಮಂಥದ್ದೇ 4×4 ಕಿಟಕಿ ಇದ್ದರೆ ತೆರೆಯೋದು 8.

ಛಾವಣಿಗೂ ಅದರಲ್ಲಿ ಮಿತಿ ಇದೆ, ಯು-ವ್ಯಾಲ್ಯೂ (ಎಷ್ಟು ಕಾವು ಒಳಗೆ ದಾಟುತ್ತದೆ ಅನ್ನೋ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 1.2ರ ಒಳಗಿರಬೇಕು. ಬರೀ ಆರ್‌ಸಿಸಿ ಸ್ಲ್ಯಾಬ್ 3ರ ಮೇಲಿರುತ್ತದೆ. ಅಂದರೆ ಎರಡು ಪಟ್ಟಿಗೂ ಜಾಸ್ತಿ ಕಾವು ಒಳಗೆ ಬಿಡುತ್ತದೆ. ಪ್ಲ್ಯಾನ್ ಹಾಕುವಾಗ ನನಗೆ ಇದನ್ನು ಯಾರೂ ಹೇಳಲಿಲ್ಲ. ಅಡುಗೆಮನೆ ಆಗ್ನೇಯಕ್ಕೆ ಬಂತಾ ಅಂತ ಮೂರು ಜನ ನೋಡಿದರು.

ಒಂದು ತಮಾಷೆ. ಇಂಗ್ಲೆಂಡಿನಲ್ಲಿ 2022ರ ಜೂನ್‌ನಿಂದ ಹೊಸ ಮನೆಗೆ ಧಗೆಯ ನಿಯಮವೇ ಇದೆ. ಲೆಕ್ಕ ಹಾಕಿ ತೋರಿಸೋದಾದರೆ, ಬೆಡ್‌ರೂಂ ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ 26 ಡಿಗ್ರಿ ದಾಟೋದು ವರ್ಷದಲ್ಲಿ ಆ ಹೊತ್ತಿನ ಶೇ. 1ಕ್ಕಿಂತ ಜಾಸ್ತಿ ಇರಬಾರದು. ನಮಗೆ ಮೇ ತಿಂಗಳಲ್ಲಿ 26 ಸಿಕ್ಕರೆ ಹೋಳಿಗೆ ಊಟ ಹಾಕಿಸಬಹುದು! ಆದರೆ ಕಟ್ಟೋ ಮೊದಲೇ ಲೆಕ್ಕ ಹಾಕಬೇಕು ಅನ್ನೋದು ನಮಗೂ ಬೇಕಿತ್ತು, ಅಲ್ವಾ?

ಬಿಸಿಲುಕುದುರೆ:
ಸಂಜೆ ಮಾಳಿಗೆಗೆ ನೀರು ಹೊಡೆದರೆ ಸಾಕಲ್ಲ?

ಗೌಂಡಿ_ಮಗ:
ತಂಪಾಗುತ್ತೆ, ಸುಳ್ಳಲ್ಲ. ಆದರೆ ಏಪ್ರಿಲಲ್ಲಿ ಟ್ಯಾಂಕರ್ ತರಿಸಿ ಮಾಳಿಗೆಗೆ ಸುರಿಯುತ್ತೀರಾ? ಅದರ ಬದಲು ಕಿಟಕಿ ಬೆಳಗ್ಗೆ 9ಕ್ಕೆ ಮುಚ್ಚಿ, ಹೊರಗೆ ಒಳಗಿಗಿಂತ ತಂಪಾದ ಮೇಲೆ ತೆಗೆಯಿರಿ. ರಾತ್ರಿ ಮೆಟ್ಟಿಲ ಕೋಣೆಯ ಬಾಗಿಲು ತೆರೆದಿಡಿ, ಬಿಸಿ ಗಾಳಿ ಮೇಲೆ ಹೋಗುತ್ತದೆ. ಹಳೇ ಮನೆಯ ಬೆಳಕಿಂಡಿ ಮಾಡುತ್ತಿದ್ದ ಕೆಲಸವೇ ಇದು. ಸೊಳ್ಳೆಗೆ ಜಾಳಿ ಬಡಿಸಿ. ಪಶ್ಚಿಮದ ಗೋಡೆ, ಕಿಟಕಿಗೆ ಹಸಿರು ನೆಟ್ ಹೊರಗಡೆಯಿಂದ, ಒಂದಡಿ ಬಿಟ್ಟು ಕಟ್ಟಿಸಿ. ಇಳಿಬಿಸಿಲಿಗೆ ಸಜ್ಜಾ ಏನೂ ಮಾಡಲ್ಲ. ಒಳಗಿನ ಕರ್ಟನ್ ಕೆಲಸಕ್ಕೆ ಬರೋ ಹೊತ್ತಿಗೆ ಬಿಸಿಲು ಒಳಗೆ ಬಂದಾಗಿರುತ್ತದೆ.

ಹೊಸಮನೆ_ವಿಜಯಪುರ:
ಅಪ್‌ಡೇಟ್. ಸುಣ್ಣ ಹೊಡೆದು ಐದು ದಿನ ಆಯಿತು. ರಾತ್ರಿ 9ಕ್ಕೆ ಸುಣ್ಣದ ರೂಮಿನ ಸೀಲಿಂಗ್ 35, ಇನ್ನೊಂದು 41. ಬರಿಗೈಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಅದೇ 1 ಟನ್ ಎಸಿ ಈಗ 11ರ ಒಳಗೆ 27ಕ್ಕೆ ಬಂದು ಕಟ್ ಆಗುತ್ತಿದೆ. ಸುಣ್ಣ ಮೂಲೆಯಲ್ಲಿ ಆಗಲೇ ಸಿಪ್ಪೆ ಏಳುತ್ತಿದೆ. ಮುಂದೇನು ಮಾಡಿಸಲಿ ಅಣ್ಣಾ?

ಗೌಂಡಿ_ಮಗ:
ಡಾಂಬರ್ ಶೀಟಿಗೆ ಹಿಡಿಯುವ ಬಿಳಿ ಕೂಲ್ ರೂಫ್ ಕೋಟಿಂಗ್ ಅಂತ ಕೇಳಿ ತನ್ನಿ. ಡಬ್ಬಿ ಮೇಲೆ ಹಾಗೆ ಬರೆದಿರಬೇಕು, ಅಂಗಡಿಯವರ ಬಾಯಿಮಾತು ನಂಬಬೇಡಿ. ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ಧೂಳು ತೊಳೆಯಿರಿ, ಕೊಳೆ ಕೂತ ಬಿಳಿ ಬಿಳಿಯಲ್ಲ.

ಹೊಸಮನೆ_ವಿಜಯಪುರ:
ಆಯ್ತು ಅಣ್ಣಾ. ಪಶ್ಚಿಮದ ಗೋಡೆ ಮಾತ್ರ ಇನ್ನೂ 38. ನೆಟ್ ತಂದಿಟ್ಟಿದ್ದೇನೆ, ಹುಕ್ ಹೊಡೆಯಬೇಕು. ನಮ್ಮ ಗೌಂಡಿ ಊರ ಜಾತ್ರೆಗೆ ಹೋಗಿದ್ದಾನೆ, ಸೋಮವಾರ ಬರುತ್ತಾನಂತೆ.