ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಗಟ್ಟಿತನ ಹುಟ್ಟುಗುಣವೇ, ಶಾಲೆ ಬೆಳೆಸಬಹುದಾದದ್ದೇ?

ಪ್ರಶ್ನೆ:
ನಾನು ಪ್ರೌಢಶಾಲೆಯ ಶಿಕ್ಷಕಿ. ನನ್ನ ತರಗತಿಯಲ್ಲಿ ಭಾಷೆಯಿಂದಲೋ ಧರ್ಮದಿಂದಲೋ ಉಳಿದವರಿಗಿಂತ ಬೇರೆಯಾದ ನಾಲ್ಕೈದು ಮಕ್ಕಳಿದ್ದಾರೆ. ಅವರಲ್ಲಿ ಒಬ್ಬಳು ಎಷ್ಟೇ ಕಡಿಮೆ ಅಂಕ ಬಂದರೂ ಮರುದಿನ ಮೊದಲ ಸಾಲಿನಲ್ಲಿಯೇ ಕೂರುತ್ತಾಳೆ. ಅವಳಷ್ಟೇ ಜಾಣನಾದ ಇನ್ನೊಬ್ಬ ಹುಡುಗ ಸಹಪಾಠಿಯೊಬ್ಬನ ಒಂದು ಕುಹಕದ ಮಾತಿಗೆ ವಾರಗಟ್ಟಲೆ ಮುದುಡಿಹೋಗುತ್ತಾನೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಉತ್ತರ 1:
ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹ ಮೊದಲಾದ ಹಲವು ಕಷ್ಟಗಳು ಒಟ್ಟಿಗೆ ಎರಗಿದ್ದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವರು ಸಮರ್ಥರಾಗಿ ಬೆಳೆದರು. ಅದರಲ್ಲಿ ಸ್ವಭಾವದ ಪಾಲೂ ಇತ್ತು, ನಿಜ. ಆದರೆ ಅಜ್ಜಿಯೋ ನೆರೆಯವರೋ ಶಿಕ್ಷಕರೋ, ಯಾರಾದರೊಬ್ಬ ಹಿರಿಯರು ಅವರಿಗೆ ಆಸರೆಯಾಗಿದ್ದರು. ಆ ಅಧ್ಯಯನ ಅಲ್ಪಸಂಖ್ಯಾತರನ್ನಷ್ಟೇ ಕುರಿತದ್ದಲ್ಲವಾದರೂ ಆ ಹುಡುಗನಿಗೆ ಅಂಥವರು ಯಾರಿದ್ದಾರೆ ಎಂದು ಮೊದಲು ವಿಚಾರಿಸಿ.

ಉತ್ತರ 2:
ಇದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. ಮನೋವಿಜ್ಞಾನಿಗಳಾದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್‌ಸನ್ 1995ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರೀಕ್ಷೆಯನ್ನು ಬುದ್ಧಿಶಕ್ತಿಯ ಅಳತೆಯೆಂದು ಹೇಳಿದಾಗ ಅಮೆರಿಕದ ಕಪ್ಪು ವಿದ್ಯಾರ್ಥಿಗಳು ಹಿಂದೆ ಬಿದ್ದರು; ಹಾಗೆ ಹೇಳದಿದ್ದಾಗ ಉತ್ತಮವಾಗಿ ಬರೆದರು. ಈ ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ಆಮೇಲೆ ಸಾಕಷ್ಟು ವಾದ ನಡೆದಿದೆ. ಆದರೂ ತಮ್ಮವರ ಬಗೆಗಿನ ಕೀಳು ನಂಬಿಕೆಯನ್ನು ತಾವೇ ನಿಜ ಮಾಡಿಬಿಡುತ್ತೇವೇನೋ ಎಂಬ ಅಳುಕು ಇಂಥ ಮಕ್ಕಳಲ್ಲಿರುವುದನ್ನು ನಾನೂ ಕಂಡಿದ್ದೇನೆ. ಬರಿಯ ಹೊಗಳಿಕೆಯಿಂದ ಅದು ಹೋಗುವುದಿಲ್ಲ, ಅವರಿಗೆ ಅನುಕಂಪದ ವಾಸನೆ ಬೇಗ ತಿಳಿಯುತ್ತದೆ. ತಪ್ಪನ್ನು ನೇರವಾಗಿ ತೋರಿಸಿ, "ಇನ್ನೂ ಚೆನ್ನಾಗಿ ಬರೆಯಬಲ್ಲೆ ಎಂದೇ ಇಷ್ಟು ತಿದ್ದಿದ್ದೇನೆ" ಎಂದು ಹೇಳಿ.

ಉತ್ತರ 3:
ಕ್ಷಮಿಸಿ ಮೇಡಂ, ನನ್ನದೊಂದು ತಕರಾರಿದೆ. ನಾನೂ ಅಂಥ ವಿದ್ಯಾರ್ಥಿಯಾಗಿದ್ದೆ. ಇತಿಹಾಸದ ಪಾಠದಲ್ಲಿ ನಮ್ಮ ಸಮುದಾಯದ ಹೆಸರು ಬಂದಾಗಲೆಲ್ಲ ಇಡೀ ತರಗತಿ ನನ್ನತ್ತ ತಿರುಗಿ ನೋಡುತ್ತಿತ್ತು. ನಾನು ನಕ್ಕು ಸುಮ್ಮನಾಗುತ್ತಿದ್ದುದರಿಂದ ಎಲ್ಲರೂ ನನ್ನನ್ನು ಗಟ್ಟಿಗನೆಂದರು. ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂಬುದು ಯಾರಿಗೂ ತಿಳಿಯಲಿಲ್ಲ. ನೀವು ಮುದುಡಿದವನ ಬಗ್ಗೆ ಕೇಳಿದಿರಿ. ಕುಹಕವಾಡಿದವನಿಗೆ ಯಾರು ಏನು ಹೇಳಿದರು?

ಪ್ರಶ್ನೆ ಕೇಳಿದವರು:
ಯಾರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾಳೆ ಅವನನ್ನು ಕರೆದು ಮಾತನಾಡುತ್ತೇನೆ. ಮೊದಲ ಸಾಲಿನಲ್ಲಿ ಕೂರುವ ಹುಡುಗಿಯನ್ನೂ ವಿಚಾರಿಸಬೇಕು.