ಬೇಕಂತಲೇ ಸೋಲುವ ಎನ್‌ಬಿಎ ಟೀಮ್‌ಗಳಿಗೆ ಮದ್ದು ಏನು?

ಮುಂಜಾನೆ ಡ್ರಿಬಲ್ ಕೇಳಿದ್ದು:

ನಾನು ಬೆಂಗಳೂರಲ್ಲಿ ಕೂತು ಬೆಳಗ್ಗೆ ಕಾಫಿ ಜೊತೆ ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ನೋಡುವವನು. ಅಕ್ಟೋಬರ್‌ನಿಂದ ಜನವರಿ ತನಕ ಮಜಾ ಇರುತ್ತದೆ. ಫೆಬ್ರವರಿ ಕಳೆದ ಮೇಲೆ ಕೆಳಗಿನ ಟೀಮ್‌ಗಳ ಆಟ ಸಹಿಸೋಕಾಗಲ್ಲ. ಚೆನ್ನಾಗಿ ಆಡುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಬೆನ್ನು ನೋವು ಶುರುವಾಗುತ್ತದೆ. ಮೂರನೇ ಕ್ವಾರ್ಟರ್ ತನಕ ಮುಂದಿದ್ದ ಟೀಮ್, ನಾಲ್ಕನೆಯದಕ್ಕೆ ನಾವು ಹೆಸರೇ ಕೇಳಿರದ ಐದು ಜನರನ್ನು ಇಳಿಸಿ ಆರಾಮಾಗಿ ಸೋತು ಮನೆಗೆ ಹೋಗುತ್ತದೆ. ಕಾರಣ ಎಲ್ಲರಿಗೂ ಗೊತ್ತು. ಕೆಳಗೆ ಇದ್ದಷ್ಟೂ ಮುಂದಿನ ಡ್ರಾಫ್ಟ್‌ನಲ್ಲಿ, ಅಂದರೆ ಟೀಮ್‌ಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವಾಗ, ಒಳ್ಳೆ ಹುಡುಗ ಸಿಗುವ ಸಾಧ್ಯತೆ ಜಾಸ್ತಿ.

2025ರ ಮಾರ್ಚ್‌ನಲ್ಲಿ ಯೂಟಾ ಜಾಝ್ ಟೀಮ್‌ಗೆ ಅವರ ಸ್ಟಾರ್ ಲೌರಿ ಮಾರ್ಕನೆನ್‌ನನ್ನು ಆಡಿಸಲಿಲ್ಲ ಅಂತ 1 ಲಕ್ಷ ಡಾಲರ್ ದಂಡ ಹಾಕಿದರು. ಅಷ್ಟು ದುಡ್ಡಿನ ಟೀಮ್‌ಗೆ ಅದು ಯಾವ ಲೆಕ್ಕ? ಐಪಿಎಲ್‌ನಲ್ಲಿ ಈ ಕಾಟವೇ ಇಲ್ಲ. ಆರ್‌ಸಿಬಿ 2017ರಲ್ಲೂ 2019ರಲ್ಲೂ ಕೊನೇ ಸ್ಥಾನ, ಅದಕ್ಕೆ ಬೈಗುಳ ಬಿಟ್ಟು ಇನ್ನೇನೂ ಸಿಗಲಿಲ್ಲ. ಹಂಗಾದ್ರೆ ಎನ್‌ಬಿಎ ಕೂಡ ಡ್ರಾಫ್ಟನ್ನೇ ಕಿತ್ತು ಬಿಸಾಕಬಾರದಾ? ಇಲ್ಲ, ಅದಕ್ಕಿಂತ ಸುಲಭದ ದಾರಿ ಇದೆಯಾ? ಕಟ್ಟಾ ಫ್ಯಾನ್‌ಗಳು ಸ್ವಲ್ಪ ಬಿಡಿಸಿ ಹೇಳಿ.

ಫ್ರಿಸ್ಕೊ ಗೌಡ:

ದಂಡದ ವಿಷಯ ನನ್ನ ಹತ್ತಿರ ಕೇಳಿ. ನಾನಿರುವುದು ಡಲ್ಲಾಸ್ ಪಕ್ಕ, ಇದನ್ನು ಕಣ್ಣಾರೆ ನೋಡಿದ್ದೇನೆ. 2018ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಓನರ್ ಮಾರ್ಕ್ ಕ್ಯೂಬನ್, ಈಗ ಸೋಲುವುದೇ ನಮಗೆ ಒಳ್ಳೆಯದು ಅಂತ ನನ್ನ ಆಟಗಾರರಿಗೆ ಹೇಳಿದೆ ಅಂತ ಒಂದು ಪಾಡ್‌ಕಾಸ್ಟ್‌ನಲ್ಲಿ ಬಾಯಿ ಬಿಟ್ಟ. 6 ಲಕ್ಷ ಡಾಲರ್ ದಂಡ ಬಿತ್ತು. ಆದರೆ ಗಮನಿಸಿ, ದಂಡ ಬಿದ್ದಿದ್ದು ಹೇಳಿದ್ದಕ್ಕೆ. ಸುಮ್ನಿದ್ದು ಅದನ್ನೇ ಮಾಡಿದವರಿಗೆ ಏನೂ ಆಗಲಿಲ್ಲ.

ಇನ್ನು 2023ರ ಏಪ್ರಿಲ್ 7. ಎದುರಾಳಿ ಷಿಕಾಗೊ ಬುಲ್ಸ್. ಡಲ್ಲಾಸ್‌ಗೆ ಪ್ಲೇ-ಇನ್ (ಪ್ಲೇಆಫ್‌ನ ಕೊನೇ ಜಾಗಗಳಿಗೆ ನಡೆಯುವ ಅರ್ಹತಾ ಪಂದ್ಯ) ಆಡುವ ಅವಕಾಶ ಲೆಕ್ಕದಲ್ಲಿ ಇನ್ನೂ ಜೀವಂತ ಇತ್ತು, ಗೆದ್ದರೆ ಬಾಗಿಲು ತೆರೆದೇ ಇರುತ್ತಿತ್ತು. ಆದರೂ ಕೈರಿ ಅರ್ವಿಂಗ್ ಸೇರಿ ಹಲವರನ್ನು ಕೂರಿಸಿದರು. ಟೀಮ್‌ನ ಸ್ಟಾರ್ ಲೂಕಾ ಡಾನ್ಚಿಚ್‌ನನ್ನು ಶುರುವಿನಲ್ಲಿ ಸ್ವಲ್ಪ ಹೊತ್ತು ಆಡಿಸಿ ಹೊರಗೆ ತೆಗೆದರು. ಯಾಕಂದ್ರೆ ಆ ವರ್ಷದ ಅವರ ಪಿಕ್ (ಡ್ರಾಫ್ಟ್‌ನಲ್ಲಿ ಆರಿಸುವ ಸರದಿ) ಹಿಂದಿನ ಒಂದು ಟ್ರೇಡ್‌ನಿಂದ, ಅಂದರೆ ಟೀಮ್‌ಗಳ ನಡುವಿನ ಅದಲುಬದಲಿನಿಂದ, ನ್ಯೂಯಾರ್ಕ್ ನಿಕ್ಸ್‌ಗೆ ಹೋಗಬೇಕಿತ್ತು, ಮೊದಲ ಹತ್ತರೊಳಗೆ ಬಂದರೆ ಮಾತ್ರ ಇವರಿಗೇ ಉಳಿಯುತ್ತಿತ್ತು. ಸೋತರು. ಪಿಕ್ ಸರಿಯಾಗಿ ಹತ್ತನೆಯದೇ ಬಂತು. 7.5 ಲಕ್ಷ ಡಾಲರ್ ದಂಡ ಕಟ್ಟಿದರು.

ಆಮೇಲೆ ಏನಾಯ್ತು ನೋಡಿ. ಅದೇ ಪಿಕ್ ಓಕ್ಲಹೋಮಾಗೆ ಕೊಟ್ಟು, ಭಾರವಾಗಿದ್ದ ಒಂದು ಕಾಂಟ್ರಾಕ್ಟನ್ನೂ ಅದರ ಜೊತೆಗೇ ದಾಟಿಸಿ, ಹನ್ನೆರಡನೇ ಪಿಕ್‌ಗೆ ಇಳಿದು ಡೆರೆಕ್ ಲೈವ್ಲಿಯನ್ನು ತಂದರು. ಮರುವರ್ಷ 2024ರಲ್ಲಿ ಅದೇ ಹುಡುಗ ಬ್ಯಾಸ್ಕೆಟ್ ಕೆಳಗೆ ನಿಂತು ಟೀಮ್‌ನ ಫೈನಲ್ಸ್‌ಗೆ ಸೇರಿಸಿದ. ಇಷ್ಟೆಲ್ಲ ಸಿಗುವುದಾದರೆ 7.5 ಲಕ್ಷ ಏನು, ಅದರ ಹತ್ತರಷ್ಟು ಆದರೂ ಯಾವ ಓನರ್ ಆದರೂ ನಗ್ತಾ ಕಟ್ಟುತ್ತಾನೆ. ದಂಡದಿಂದ ಇದು ನಿಲ್ಲಲ್ಲ.

ಹಳೇ ಪಾಯಿಂಟ್ ಗಾರ್ಡ್:

ಮೇಲಿನವರು ಹೇಳಿದ್ದು ಸರಿ, ಆದರೆ ಲೀಗ್ ಬರೀ ದಂಡ ಹಾಕಿ ಕೈ ತೊಳೆದುಕೊಂಡಿಲ್ಲ. ನಲವತ್ತು ವರ್ಷದಿಂದ ರಿಪೇರಿ ಮಾಡುತ್ತಲೇ ಇದೆ. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು.

ಲೀಗ್‌ನಲ್ಲಿ ಈಸ್ಟ್, ವೆಸ್ಟ್ ಅಂತ ಎರಡು ಭಾಗ. 1984ರ ತನಕ ಈಸ್ಟ್‌ನ ಕೊನೇ ಟೀಮ್, ವೆಸ್ಟ್‌ನ ಕೊನೇ ಟೀಮ್ ಎರಡರ ನಡುವೆ ನಾಣ್ಯ ಚಿಮ್ಮಿಸಿ ಮೊದಲ ಪಿಕ್ ಯಾರಿಗೆ ಅಂತ ತೀರ್ಮಾನ ಮಾಡುತ್ತಿದ್ದರು. ಅಂದರೆ ಕೊನೇ ಸ್ಥಾನ ಹಿಡಿದರೆ 50 ಪರ್ಸೆಂಟ್ ಗ್ಯಾರಂಟಿ. ಆ ವರ್ಷ ಹ್ಯೂಸ್ಟನ್ ರಾಕೆಟ್ಸ್ ಕೊನೆಯ 17 ಪಂದ್ಯದಲ್ಲಿ 14 ಸೋತಿತು. ಒಂದು ಓವರ್‌ಟೈಮ್ ಪಂದ್ಯದಲ್ಲಿ 38 ವರ್ಷದ ಎಲ್ವಿನ್ ಹೇಯ್ಸ್‌ರನ್ನು 53 ನಿಮಿಷವೂ ಬಿಡದೆ ಆಡಿಸಿದರು, ಪಾಪ ಮನುಷ್ಯ ರಿಟೈರ್ ಆಗುವ ವಾರದಲ್ಲಿದ್ದ. ನಾಣ್ಯ ಹ್ಯೂಸ್ಟನ್ ಕಡೆ ಬಿತ್ತು, ಹಕೀಮ್ ಒಲಾಜುವನ್ ಬಂದ. ಮುಂದೆ ಎರಡು ಚಾಂಪಿಯನ್‌ಶಿಪ್ ಕೂಡ.

ಎಲ್ಲರೂ ಉಗಿದ ಮೇಲೆ 1985ರಲ್ಲಿ ಲಾಟರಿ ಬಂತು. ಪ್ಲೇಆಫ್ ತಪ್ಪಿದ ಏಳು ಟೀಮ್‌ಗೂ ಸಮಾನ ಚಾನ್ಸ್, ಲಕೋಟೆ ಎತ್ತುವುದು. ನಿಜ ಹೇಳಬೇಕೆಂದರೆ ಸೋಲುವ ಆಸೆಯನ್ನು ತುಂಬಾ ಮಟ್ಟಿಗೆ ಕೊಂದಿದ್ದು ಆ ಪದ್ಧತಿಯೇ. ಆದರೆ ಮೊದಲ ಸಲವೇ ನ್ಯೂಯಾರ್ಕ್‌ಗೆ ಪ್ಯಾಟ್ರಿಕ್ ಯೂಯಿಂಗ್ ಸಿಕ್ಕ, ಲಕೋಟೆಯನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದ್ದರು ಅನ್ನೋ ಗಾಸಿಪ್ ಇವತ್ತಿಗೂ ಓಡಾಡುತ್ತಿದೆ. ತೀರಾ ಕೆಟ್ಟ ಟೀಮ್‌ಗೆ ಅನ್ಯಾಯ ಅಂತ 1990ರಲ್ಲಿ ಕೆಳಗಿನವರಿಗೆ ಜಾಸ್ತಿ ಚಾನ್ಸ್ ಕೊಟ್ಟರು. 1993ರಲ್ಲಿ 41 ಗೆದ್ದು 41 ಸೋತಿದ್ದ ಆರ್ಲಾಂಡೊ ಮ್ಯಾಜಿಕ್, 66ರಲ್ಲಿ ಒಂದೇ ಒಂದು ಚಾನ್ಸ್ ಇಟ್ಟುಕೊಂಡು ಮೊದಲ ಪಿಕ್ ಹೊಡೆಯಿತು. ಮತ್ತೆ ಗಲಾಟೆ. ಅಲ್ಲಿಂದ ಕೊನೇ ಟೀಮ್‌ಗೆ 25 ಪರ್ಸೆಂಟ್ ಅಂತಾಯಿತು. ಸೋಲಿಗೆ ಬೆಲೆ ವಾಪಸ್ ಬಂತು.

ಅದರ ತುತ್ತತುದಿ ಫಿಲಡೆಲ್ಫಿಯಾ. 2013ರಲ್ಲಿ ಸ್ಯಾಮ್ ಹಿಂಕಿ ಅಲ್ಲಿಗೆ ಜನರಲ್ ಮ್ಯಾನೇಜರ್ ಆಗಿ ಬಂದ. ಮೂರು ಸೀಸನ್‌ನಲ್ಲಿ ಗೆಲುವು 19, 18, 10. ಪ್ರತಿ ವರ್ಷ 82 ಪಂದ್ಯ ಅನ್ನೋದು ನೆನಪಿರಲಿ. 2016ರಲ್ಲಿ 13 ಪುಟದ ರಾಜೀನಾಮೆ ಪತ್ರ ಬರೆದು ಹೋದ. ಜೋಯೆಲ್ ಎಂಬೀಡ್ ಸಿಕ್ಕ ನಿಜ, 2023ರಲ್ಲಿ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರನೂ ಆದ. ಕಪ್ ಮಾತ್ರ ಬರಲಿಲ್ಲ.

ಆ ತಲೆನೋವಿಗೆ 2019ರಲ್ಲಿ ಹಚ್ಚಿದ ಮುಲಾಮು ಏನಂದ್ರೆ ಕೊನೆಯ ಮೂರೂ ಟೀಮ್‌ಗೆ ತಲಾ 14 ಪರ್ಸೆಂಟ್. ಲಾಟರಿ ಮೊದಲ ನಾಲ್ಕು ಪಿಕ್‌ಗೆ. ಕೊನೇ ಟೀಮ್ ಐದನೇ ಪಿಕ್ ತನಕ ಜಾರಬಹುದು.

ಟ್ರಿಪಲ್ ಡಬಲ್ ಪುಟ್ಟಿ:

ಆ ಮುಲಾಮಿನಿಂದ ಗಾಯ ಆದದ್ದು ಯಾರಿಗೆ ಗೊತ್ತಾ? ನಿಜವಾಗಿಯೂ ಆಡೋಕೆ ಬಾರದ ಟೀಮ್‌ಗೆ. ಡೆಟ್ರಾಯಿಟ್ 2023ರಲ್ಲಿ ಕೊನೇ ಸ್ಥಾನ, ಐದನೇ ಪಿಕ್. ಮುಂದಿನ ಸೀಸನ್‌ನಲ್ಲಿ ಸತತ 28 ಪಂದ್ಯ ಸೋತಿತು, ಮತ್ತೆ ಕೊನೇ ಸ್ಥಾನ, ಮತ್ತೆ ಐದನೇ ಪಿಕ್. ಅವರೇನು ನಾಟಕ ಆಡಿದವರಲ್ಲ, ಗೆಲ್ಲಬೇಕು ಅಂತಲೇ ಒದ್ದಾಡುತ್ತಿದ್ದರು. 2025ರಲ್ಲಿ ಯೂಟಾಗೂ ಅದೇ ಗತಿ. ಆ ವರ್ಷ ಮೊದಲ ಪಿಕ್ ಹೋಗಿದ್ದು 1.8 ಪರ್ಸೆಂಟ್ ಚಾನ್ಸ್ ಇದ್ದ ಡಲ್ಲಾಸ್‌ಗೆ, ಅದೂ ಲೂಕಾನನ್ನು ಕೈಯಾರೆ ಮಾರಿದ ಮೇಲೆ! ಆ ಡ್ರಾಫ್ಟ್‌ನ ಎಲ್ಲರೂ ಬಯಸಿದ್ದ ಹುಡುಗ ಕೂಪರ್ ಫ್ಲ್ಯಾಗ್ ಅವರ ಮಡಿಲಿಗೆ ಬಿದ್ದ. ಗೌಡ್ರೇ, ನಿಮ್ಮ ಊರಿನವರ ಅದೃಷ್ಟಕ್ಕೆ ದೃಷ್ಟಿ ತೆಗೆಸಿ.

ಇನ್ನೊಂದು ಕಡೆ ಏನಾಯಿತು ಅಂದರೆ, ಮೊದಲು ಎರಡು ಮೂರು ಟೀಮ್ ಸೋಲೋಕೆ ಪೈಪೋಟಿ ಮಾಡುತ್ತಿದ್ದವು, ಈಗ ಹತ್ತನೇ ಹನ್ನೊಂದನೇ ಜಾಗದವರಿಗೂ ಆಸೆ. ಪ್ಲೇ-ಇನ್ ತಂದು ಅದಕ್ಕೆ ಸ್ವಲ್ಪ ಕಡಿವಾಣ ಹಾಕಿದರು ಅಂತ ಒಪ್ಪುತ್ತೇನೆ.

ನನ್ನ ಸಿಟ್ಟು ಬೇರೆ. ಅಮೆರಿಕದಲ್ಲಿರುವ ಅಣ್ಣನ ಮನೆಗೆ ಹೋದಾಗ ಒಂದು ಪಂದ್ಯಕ್ಕೆ ಟಿಕೆಟ್ ತೆಗೆದಿದ್ದೆವು. ಯಾವ ಟೀಮ್ ಅಂತ ಬೇಡ ಬಿಡಿ. ಅಣ್ಣನ ಮಗಳು ಒಬ್ಬ ಆಟಗಾರನ ಜೆರ್ಸಿ ಹಾಕ್ಕೊಂಡು ಬಂದಿದ್ದಳು. ವಾರ್ಮ್‌ಅಪ್‌ನಲ್ಲಿ ಅವನು ಆರಾಮಾಗಿ ಡಂಕ್ ಹೊಡೀತಿದ್ದ. ಪಂದ್ಯ ಶುರುವಾದಾಗ ನೋಡಿದರೆ ಬೆಂಚ್ ಮೇಲೆ ಕೋಟು ಹಾಕ್ಕೊಂಡು ಕೂತಿದ್ದಾನೆ. ಸ್ಕ್ರೀನ್ ಮೇಲೆ ಕಾರಣ ಮಂಡಿ ನೋವು ಅಂತ. ಟಿಕೆಟ್ ದುಡ್ಡು ವಾಪಸ್ ಕೊಡ್ತಾರಾ? ಈ ಲಾಟರಿ ಲೆಕ್ಕಾಚಾರದಲ್ಲಿ ಪ್ರೇಕ್ಷಕರ ಪಾಲು ಎಲ್ಲಿದೆ?

ಥಂಡರ್ ತಿಮ್ಮಪ್ಪ:

ಎಲ್ಲರೂ ಸೇರಿ ಸೋಲುವವರನ್ನೇ ಬೈತಿದ್ದೀರಿ, ನಾನು ಸ್ವಲ್ಪ ಅವರ ಪರ ವಾದ ಮಾಡುತ್ತೇನೆ. ಮೊದಲನೆಯದಾಗಿ ಅಂಗಳದಲ್ಲಿರುವ ಐದು ಜನ ಸೋಲೋಕೆ ಆಡಲ್ಲ. ಅವರಿಗೆ ಮುಂದಿನ ಕಾಂಟ್ರಾಕ್ಟ್ ಬೇಕು, ಬರುವ ಹೊಸ ಹುಡುಗ ಅವರ ಜಾಗಕ್ಕೇ ಬರುವವನು. ಸೋಲಿಸುವುದು ಮೇಲಿನ ಆಫೀಸು.

ಮತ್ತೆ ಪ್ರಶ್ನೆ ಕೇಳಿದವರೇ, ಡ್ರಾಫ್ಟ್ ಕಿತ್ತು ಹಾಕಿದರೆ ಏನಾಗುತ್ತೆ ಯೋಚಿಸಿ. ಐಪಿಎಲ್ ಹರಾಜಿನಲ್ಲಿ ಯಾರು ಜಾಸ್ತಿ ಕೂಗುತ್ತಾರೋ ಅವರಿಗೆ ಆಟಗಾರ, ಅವನ ಇಷ್ಟ ಯಾರೂ ಕೇಳಲ್ಲ. ಎನ್‌ಬಿಎನಲ್ಲಿ ಒಬ್ಬ ಆಟಗಾರನಿಗೆ ಇಷ್ಟೇ ಕೊಡಬಹುದು ಅಂತ ಮಿತಿ ಇದೆ. ಎಲ್ಲ ಕಡೆ ಸಂಬಳ ಒಂದೇ ಆದಾಗ 19 ವರ್ಷದ ಹುಡುಗ ಲಾಸ್ ಏಂಜಲಿಸ್, ಮಯಾಮಿ ಬಿಟ್ಟು ಓಕ್ಲಹೋಮಾ ಸಿಟಿಗೆ ಯಾಕೆ ಬರುತ್ತಾನೆ? ಚಿಕ್ಕ ಊರಿನ ಟೀಮ್‌ಗೆ ಸ್ಟಾರ್ ಸಿಗುವ ಬಾಗಿಲು ಅಂದರೆ ಡ್ರಾಫ್ಟ್ ಒಂದೇ. ಬಾಸ್ಕೆಟ್‌ಬಾಲ್‌ನಲ್ಲಿ ಒಬ್ಬ ಸ್ಟಾರ್ ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಾಗಿಲ್ಲ, ಹನ್ನೊಂದು ಜನ ಆಡುವ ಆಟ ಅಲ್ಲ ಇದು. 1997ರಲ್ಲಿ ಡೇವಿಡ್ ರಾಬಿನ್ಸನ್‌ಗೆ ಗಾಯ ಆಗಿ 20 ಪಂದ್ಯ ಮಾತ್ರ ಗೆದ್ದ ಸ್ಯಾನ್ ಆಂಟೋನಿಯೊಗೆ ಟಿಮ್ ಡಂಕನ್ ಸಿಕ್ಕ. ಎರಡೇ ವರ್ಷಕ್ಕೆ ಕಪ್. ಅದಕ್ಕೇ 2014ರಲ್ಲಿ ಲಾಟರಿ ಬದಲಿಸುವ ಪ್ರಸ್ತಾಪಕ್ಕೆ 30 ಓನರ್‌ಗಳಲ್ಲಿ 17 ಜನ ಹೂಂ ಅಂದರೂ ಬೇಕಿದ್ದ 23 ಮತ ಬರಲಿಲ್ಲ. 2017ರಲ್ಲಿ ಪಾಸ್ ಆದಾಗ ವಿರುದ್ಧ ಮತ ಹಾಕಿದ್ದು ನಮ್ಮ ಓಕ್ಲಹೋಮಾ ಒಂದೇ.

ಫ್ರಿಸ್ಕೊ ಗೌಡ:

ತಿಮ್ಮಪ್ಪನವರೇ, ನಿಮ್ಮ ಥಂಡರ್ 2025ರಲ್ಲಿ ಕಪ್ ಗೆದ್ದಿದ್ದು ಸೋತು ಸೋತು ಅಲ್ಲವಲ್ಲ. ಎರಡು ವರ್ಷ ಸೋತದ್ದಕ್ಕೆ ಚೆಟ್ ಹೋಮ್‌ಗ್ರೆನ್ ಸಿಕ್ಕ, ಸರಿ. ಆದರೆ ಶೇ ಗಿಲ್ಜಸ್-ಅಲೆಕ್ಸಾಂಡರ್ ಬಂದಿದ್ದು ಪಾಲ್ ಜಾರ್ಜ್‌ನ ಕೊಟ್ಟ ಟ್ರೇಡ್‌ನಲ್ಲಿ. ಜೇಲನ್ ವಿಲಿಯಮ್ಸ್ ಹನ್ನೆರಡನೇ ಪಿಕ್, ಅದೂ ಕ್ಲಿಪ್ಪರ್ಸ್‌ನ ಪಿಕ್. ಫೈನಲ್ಸ್‌ನಲ್ಲಿ ಏಳು ಪಂದ್ಯ ಬೆವರಿಳಿಸಿದ ಇಂಡಿಯಾನಾ ಕೂಡ ಹಾಲಿಬರ್ಟನ್‌ನ ತಂದಿದ್ದು ಟ್ರೇಡ್‌ನಲ್ಲೇ. ಕಣ್ಣು ಚುರುಕಿದ್ದರೆ ಚಿಕ್ಕ ಊರಲ್ಲೂ ಟೀಮ್ ಕಟ್ಟಬಹುದು.

ಕೂರ್ಗ್ ಸ್ಮ್ಯಾಶ್:

ನಾನು ಬ್ಯಾಡ್ಮಿಂಟನ್ ಕಡೆಯವಳು, ಆದರೂ ಮಧ್ಯೆ ಬಾಯಿ ಹಾಕುತ್ತೇನೆ. 2012ರ ಲಂಡನ್ ಒಲಿಂಪಿಕ್ಸ್ ನೆನಪಿದೆಯಾ? ಮುಂದಿನ ಸುತ್ತಿನಲ್ಲಿ ಸುಲಭದ ಎದುರಾಳಿ ಸಿಗಲಿ ಅಂತ ನಾಲ್ಕು ಮಹಿಳಾ ಡಬಲ್ಸ್ ಜೋಡಿಗಳು ಬೇಕಂತಲೇ ಸರ್ವ್‌ ನೆಟ್‌ಗೆ ಹೊಡೆದವು. ಇಡೀ ಸ್ಟೇಡಿಯಂ ಕೂಗಿ ಛೀಮಾರಿ ಹಾಕಿತು, ಎಂಟೂ ಜನರನ್ನು ಹೊರಗೆ ಹಾಕಿದರು. ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೋಡಿ ಅದೇ ಸಲ ಒಂದೇ ಒಂದು ಪಾಯಿಂಟ್ ವ್ಯತ್ಯಾಸದಲ್ಲಿ ಕ್ವಾರ್ಟರ್‌ಫೈನಲ್ ತಪ್ಪಿಸಿಕೊಂಡಿತು. ಜಪಾನ್ ಜೋಡಿ ತೈಪೆ ಎದುರು ಸರಿಯಾಗಿ ಆಡಲಿಲ್ಲ ಅಂತ ಭಾರತ ದೂರು ಕೊಟ್ಟಿತು, ಅದನ್ನು ತಳ್ಳಿಹಾಕಿದರು.

ಆಟಗಾರರನ್ನು ಹೊರಗೆ ಹಾಕಿ ಸುಮ್ನಾಗಲಿಲ್ಲ ಅನ್ನೋದು ಇಲ್ಲಿ ಮುಖ್ಯ. ಮುಂದೆ ನಿಯಮವನ್ನೇ ಬದಲಿಸಿ, ಗುಂಪಿನಲ್ಲಿ ಎರಡನೇ ಸ್ಥಾನ ಬಂದವರು ಯಾರ ಎದುರು ಆಡಬೇಕು ಅನ್ನೋದನ್ನು ಆಮೇಲೆ ಚೀಟಿ ಎತ್ತಿ ನಿರ್ಧರಿಸಿದರು. ಸೋತರೆ ಯಾರು ಸಿಗುತ್ತಾರೆ ಅಂತ ಮೊದಲೇ ಗೊತ್ತಾಗದಿದ್ದರೆ ಯಾರು ಸುಮ್ನೆ ಸೋಲ್ತಾರೆ?

ಹಳೇ ಪಾಯಿಂಟ್ ಗಾರ್ಡ್:

ಕೂರ್ಗ್ ಅವರು ಸರಿಯಾದ ಜಾಗಕ್ಕೆ ಬಂದರು. ಎನ್‌ಬಿಎನಲ್ಲೂ ಮೊದಲು ಕೈ ಹಾಕಬೇಕಾದ್ದು ಪಿಕ್ ಪ್ರೊಟೆಕ್ಷನ್‌ಗೆ, ಅಂದರೆ ಬೇರೆಯವರಿಗೆ ಕೊಟ್ಟ ಪಿಕ್ ಇಂತಿಷ್ಟರೊಳಗೆ ಬಂದರೆ ನಮಗೇ ಉಳಿಯಲಿ ಅನ್ನೋ ಷರತ್ತಿಗೆ. ಗೌಡರು ಹೇಳಿದ ಡಲ್ಲಾಸ್ ಕತೆ ಹೊಸದಲ್ಲ. 2006ರ ಏಪ್ರಿಲ್‌ನಲ್ಲಿ ಮಿನೆಸೋಟಾದ ಪಿಕ್ ಮೊದಲ ಹತ್ತರೊಳಗೆ ಬರದಿದ್ದರೆ ಕ್ಲಿಪ್ಪರ್ಸ್‌ಗೆ ಹೋಗಬೇಕಿತ್ತು. ಕೊನೇ ಪಂದ್ಯ ಮೆಂಫಿಸ್ ಎದುರು. ಮಾರ್ಕ್ ಮ್ಯಾಡ್ಸನ್ ಅಂತ ಒಬ್ಬ ದೊಡ್ಡ ಆಳು, ಬ್ಯಾಸ್ಕೆಟ್ ಕೆಳಗೆ ನಿಂತು ರೀಬೌಂಡ್ ಹಿಡಿಯುವವನು, ದೂರದಿಂದ ಶಾಟ್ ಹೊಡೆಯುವ ಜಾಯಮಾನವೇ ಅಲ್ಲ. ಅವನು ಅವತ್ತು ಏಳು ಮೂರು-ಪಾಯಿಂಟ್ ಶಾಟ್ ಎಸೆದ. ಏಳೂ ಹೊರಗೆ. ಪಂದ್ಯ ಎರಡು ಓವರ್‌ಟೈಮ್ ತನಕ ಎಳೆದು ಕೊನೆಗೆ ಹೇಗೋ ಸೋತರು. ಆರನೇ ಪಿಕ್ ಉಳಿಯಿತು, ಬ್ರ್ಯಾಂಡನ್ ರಾಯ್‌ನ ತೆಗೆದುಕೊಂಡರು, ಅವತ್ತೇ ಪೋರ್ಟ್‌ಲ್ಯಾಂಡ್‌ಗೆ ಕೊಟ್ಟು ರ‍್ಯಾಂಡಿ ಫಾಯ್‌ನ ತಂದರು. ಮುಂದಿನ ವರ್ಷ ರೂಕಿ ಆಫ್ ದ ಇಯರ್, ಅಂದರೆ ವರ್ಷದ ಅತ್ಯುತ್ತಮ ಹೊಸಬ ಯಾರು? ರಾಯ್! ಇಷ್ಟೆಲ್ಲ ನಾಚಿಕೆ ಬಿಟ್ಟು ಸೋತಿದ್ದಕ್ಕೆ ಬಂದ ಫಲ.

ಹಾಗಾಗಿ ಹತ್ತು, ಎಂಟು, ಏಳು ಅಂತ ನಡುವೆ ಗೆರೆ ಎಳೆಯುವ ಪ್ರೊಟೆಕ್ಷನ್ ನಿಷೇಧಿಸಿ. ಬೇಕಾದರೆ ಲಾಟರಿಯಿಂದ ಬರುವ ಮೊದಲ ನಾಲ್ಕಕ್ಕೆ ಮಾತ್ರ ಇರಲಿ, ಅದಂತೂ ಯಾರ ಕೈಯಲ್ಲೂ ಇಲ್ಲ.

ಟ್ರಿಪಲ್ ಡಬಲ್ ಪುಟ್ಟಿ:

ಒಪ್ಪಿದೆ. ಅದರ ಜೊತೆ ಎರಡು ವರ್ಷದ ಲೆಕ್ಕ ಸೇರಿಸಿ ಲಾಟರಿ ಮಾಡಲಿ. ಹೆಣ್ಣುಮಕ್ಕಳ ಡಬ್ಲ್ಯುಎನ್‌ಬಿಎ ಮಾಡುವುದು ಹಾಗೇ. ಒಂದು ತಿಂಗಳು ನಾಟಕ ಆಡಿ ದಕ್ಕಿಸಿಕೊಳ್ಳೋಕಾಗಲ್ಲ.

ಇನ್ನೂ ಚೆನ್ನಾಗಿರುವುದು ಅಮೆರಿಕ, ಕೆನಡಾದ ಮಹಿಳಾ ಐಸ್ ಹಾಕಿ ಲೀಗ್ ಪಿಡಬ್ಲ್ಯುಎಚ್‌ಎಲ್‌ನದು. ಗೋಲ್ಡ್ ಪ್ಲ್ಯಾನ್ ಅಂತಾರೆ. ಪ್ಲೇಆಫ್‌ನಿಂದ ಹೊರಬಿದ್ದ ಕ್ಷಣದಿಂದ ನೀವು ಗಳಿಸುವ ಪಾಯಿಂಟ್‌ಗಳ ಲೆಕ್ಕ ಶುರು, ಅದರಲ್ಲಿ ಯಾರು ಮುಂದೋ ಅವರಿಗೆ ಮೊದಲ ಪಿಕ್. ನಿಜವಾಗಿ ದುರ್ಬಲ ಟೀಮ್ ಬೇಗ ಹೊರಬೀಳುತ್ತದೆ, ಹಾಗಾಗಿ ಅವರಿಗೆ ಪಾಯಿಂಟ್ ಗಳಿಸೋಕೆ ಜಾಸ್ತಿ ಪಂದ್ಯ ಸಿಗುತ್ತವೆ. ಕೊನೇ ವಾರವೂ ಗೆಲ್ಲೋಕೇ ಆಡಬೇಕು. ಅಣ್ಣನ ಮಗಳ ಜೆರ್ಸಿ ಹೀರೊ ಕೋಟು ಹಾಕ್ಕೊಂಡು ಕೂರೋಕಾಗಲ್ಲ.

ಥಂಡರ್ ತಿಮ್ಮಪ್ಪ:

ಒಂದು ತೊಡಕು ಹೇಳಿಬಿಡ್ತೀನಿ. ಗೋಲ್ಡ್ ಪ್ಲ್ಯಾನ್‌ನಲ್ಲಿ ಜಾಣ ಟೀಮ್ ನವೆಂಬರ್‌ನಲ್ಲೇ ಸೋಲೋಕೆ ಶುರು ಮಾಡುತ್ತದೆ. ಬೇಗ ಹೊರಬಿದ್ದು, ಆಮೇಲೆ ಸ್ಟಾರ್‌ಗಳನ್ನು ಇಳಿಸಿ ಗೆದ್ದು ಪಿಕ್ ಬಾಚಿಕೊಳ್ಳುತ್ತದೆ. 82 ಪಂದ್ಯದ ಸೀಸನ್‌ನಲ್ಲಿ ಇದು ಆಗದ ಮಾತಲ್ಲ. ಪ್ರೊಟೆಕ್ಷನ್ ನಿಷೇಧಕ್ಕೆ ಮಾತ್ರ ನನ್ನದೂ ಓಟು.

ಮುಂಜಾನೆ ಡ್ರಿಬಲ್:

ಎಲ್ಲರಿಗೂ ಥ್ಯಾಂಕ್ಸ್. ಡ್ರಾಫ್ಟ್ ಕಿತ್ತು ಹಾಕುವ ಐಡಿಯಾ ವಾಪಸ್ ತಗೊಂಡೆ. ತಿಮ್ಮಪ್ಪನವರೇ, ನವೆಂಬರ್‌ನಲ್ಲಿ ಸೋಲುವುದು ಅಷ್ಟು ಸುಲಭವಾ? ಆಗ ಟಿಕೆಟ್ ಮಾರಬೇಕು, ಕೋಚ್ ಕೆಲಸ ಉಳಿಸಿಕೊಳ್ಳಬೇಕು, ಎಲ್ಲ ಟೀಮ್‌ಗೂ ಪ್ಲೇಆಫ್ ಆಸೆ ಇರುತ್ತದೆ. ಮಾರ್ಚ್‌ನಲ್ಲಿ ಈ ಯಾವ ಭಯವೂ ಇರಲ್ಲ ಅಲ್ವಾ?