ಎರಡು ಎಕರೆ ಕೆರೆಗೆ ಹೈಬ್ರಿಡ್ ಬಾಸ್ ಬಿಡಬಹುದಾ? ಬಿಟ್ಟವರು ಅನುಭವ ಹೇಳಿ

ಹಾಸನ_ಟು_ಟೆಕ್ಸಾಸ್: ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದೂವರೆ ಗಂಟೆ ದೂರದಲ್ಲಿ ಜಮೀನು ತಗೊಂಡಿದ್ದೇವೆ. ಅದರಲ್ಲೇ ಎರಡು ಎಕರೆ ಕೆರೆ. ಆಳ ಹೆಚ್ಚೆಂದರೆ 11 ಅಡಿ. ಲಾರ್ಜ್‌ಮೌತ್ ಬಾಸ್, ಬ್ಲೂಗಿಲ್ ಮೀನು ಮೊದಲಿಂದಲೂ ಇವೆ. ಏರೇಟರ್ (ನೀರಿಗೆ ಗಾಳಿ ಊದೋ ಯಂತ್ರ) ಇಲ್ಲ, ಕರೆಂಟ್ ಲೈನ್ 400 ಅಡಿ ದೂರ. ಮಕ್ಕಳಿಗೆ ಗಾಳ ಹಾಕೋದು ಅಂದ್ರೆ ಪ್ರಾಣ. ಎರಡು ಜಾತಿ ಬಾಸ್ ಬೆರೆಸಿ ಮಾಡಿದ ಹೈಬ್ರಿಡ್ ಸ್ಟ್ರೈಪ್ಡ್ ಬಾಸ್ ಮೀನು ಬಿಡಿ, ಅದರ ಎಳೆತವೇ ಬೇರೆ ಅಂತ ಪಕ್ಕದ ಜಮೀನಿನವರು ಹೇಳುತ್ತಿದ್ದಾರೆ. ಎಷ್ಟು ಮರಿ, ಯಾವ ಸೈಜ್, ಯಾವ ತಿಂಗಳು?

ಕೇಟಿ_ಕೃಷ್ಣ: ಬಿಡಿ ಸರ್, ಯೋಚನೆಯೇ ಬೇಡ. ನನ್ನ ಲೆಕ್ಕ ಹೇಳುತ್ತೇನೆ. 6ರಿಂದ 8 ಇಂಚಿನ 150 ಮರಿ, ಒಂದಕ್ಕೆ 4.25 ಡಾಲರ್. ಗಾಡಿ ಬಾಡಿಗೆ 180. ಒಟ್ಟು 817 ಡಾಲರ್ 50 ಸೆಂಟ್. ಹೊತ್ತಿಗೆ ಸರಿಯಾಗಿ ತಾನೇ ಮೇವು ಉದುರಿಸೋ ಟೈಮರ್ ಫೀಡರ್ 870. ತೇಲೋ ಫೀಡ್, 45 ಪರ್ಸೆಂಟ್ ಪ್ರೋಟೀನ್, 50 ಪೌಂಡಿನ ಮೂಟೆ 58 ಡಾಲರ್. ವಸಂತದಲ್ಲಿ ತಿಂಗಳಿಗೆ ಮೂರು ಮೂಟೆ ಬೇಕೇ ಬೇಕು. ಕಡಿಮೆ ಪ್ರೋಟೀನಿನ ಕ್ಯಾಟ್‌ಫಿಶ್ ಫೀಡ್ ಹಾಕಿ ದುಡ್ಡು ಉಳಿಸುತ್ತೇನೆ ಅಂದ್ರೆ ತಲೆ ದೊಡ್ಡದು, ಮೈ ಸಣ್ಣದು ಆಗಿರೋ ಮೀನು ಸಿಗುತ್ತೆ, ಅಷ್ಟೆ.

ಇನ್ನೊಂದು ಮಾತು. ಎರಡು ಇಂಚಿನ ಮರಿ ಅಗ್ಗ ಅಂತ ತರಬೇಡಿ. ನಿಮ್ಮ ಲಾರ್ಜ್‌ಮೌತ್‌ಗಳಿಗೆ ಹಬ್ಬದೂಟ ಹಾಕಿದ ಹಾಗೆ. ಗಾಡಿ ಬಂದಾಗ ತೊಟ್ಟಿಯ ನೀರಿಗೆ ನಿಮ್ಮ ಕೆರೆ ನೀರನ್ನ ನಿಧಾನಕ್ಕೆ ಬೆರೆಸಿ, ಎರಡರ ಬಿಸಿ ಒಂದೇ ಆದ ಮೇಲೆ ಬಿಡಿ. ಡ್ರೈವರ್ ಅವಸರ ಮಾಡುತ್ತಾನೆ, ಕೇಳಬೇಡಿ. ನನ್ನದರಲ್ಲಿ ಈಗ ಆರು ಪೌಂಡಿನ ಮೀನು ಇವೆ. ಫೀಡರ್ ಗಿರ್ ಅಂದರೆ ಸಾಕು, ನೀರು ಕುದಿಯೋಕೆ ಶುರುವಾಗುತ್ತೆ.

ಟೈಲರ್_ರೈತ: ಕುದಿಯುತ್ತೆ ಸ್ವಾಮಿ, ಆಗಸ್ಟ್‌ವರೆಗೆ ಕುದಿಯುತ್ತೆ. ಆಮೇಲೆ ಏನಾಗುತ್ತೆ ಅಂತ ನಾನು ಹೇಳುತ್ತೇನೆ.

ಮರಿ ತಂದುಕೊಟ್ಟವನೇ ನನಗೆ ಹೇಳಿದ್ದು, ಇಷ್ಟು ಚಿಕ್ಕ ಕೆರೆಗೆ ಏರೇಟರ್ ಯಾಕೆ ದಂಡ ಅಂತ. 2023ರ ಬೇಸಿಗೆ ನೆನಪಿದೆಯಲ್ಲ, ವಾರಗಟ್ಟಲೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಬಿಸಿಲು. ಮೇಲೆ ಬಿಸಿ ನೀರು, ಕೆಳಗೆ ಆಕ್ಸಿಜನ್ ಇಲ್ಲದ ತಣ್ಣನೆ ನೀರು. ಒಂದು ಸಂಜೆ ಗಾಳಿ ಮಳೆ ಜೋರಾಗಿ ಬಂತು. ಕೆರೆಯ ನೀರು ಮೇಲೆ ಕೆಳಗೆ ಆಗಿ ಬೆರೆತುಹೋಯಿತು. ಬೆಳಗಿನ ಜಾವ ಹೋಗಿ ನೋಡಿದರೆ ಹೈಬ್ರಿಡ್‌ಗಳೆಲ್ಲ ದಡದ ಹತ್ತಿರ ಬಾಯಿ ಮೇಲೆ ಮಾಡಿಕೊಂಡು ಪಚ ಪಚ ಅನ್ನುತ್ತಿದ್ದವು. ಆಕ್ಸಿಜನ್ ಮೀಟರ್ ಇಳಿಸಿದೆ, ಲೀಟರಿಗೆ 1.4 ಮಿಲಿಗ್ರಾಂ. ಮೂರಕ್ಕಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟ, ಇವಕ್ಕಂತೂ ತಡೆಯೋಕೇ ಆಗಲ್ಲ. ಲಾರ್ಜ್‌ಮೌತ್ ಬದುಕಿದವು, ಬ್ಲೂಗಿಲ್ ಬದುಕಿದವು. ದುಡ್ಡು ಕೊಟ್ಟು ತಂದವು ಮಾತ್ರ ಹೊಟ್ಟೆ ಮೇಲೆ ಮಾಡಿದವು. ಹದ್ದುಗಳು ಬಂದವು. ವಾಸನೆಗೆ ನಮ್ಮ ಅತ್ತೆ ಮೂರು ಹೊತ್ತೂ ಊದುಬತ್ತಿ ಹಚ್ಚುತ್ತಿದ್ದರು.

ಆಮೇಲೆ ಹಾಕಿಸಿದೆ. ತಳದಿಂದ ಗಾಳಿ ಗುಳ್ಳೆ ಬಿಡೋ ಡಿಫ್ಯೂಸರ್ ಏರೇಟರ್ 2,300. ಕರೆಂಟ್‌ಗೆ ಕಾಲುವೆ ತೋಡಿಸಿ ಕೇಬಲ್ ಎಳೆಸಿದ್ದು 3,400. ಮೀನಿನ ದುಡ್ಡಿಗಿಂತ ಗಾಳಿಯ ದುಡ್ಡೇ ಜಾಸ್ತಿ.

ಕೇಟಿ_ಕೃಷ್ಣ: ಆ ಬಿಸಿಲಲ್ಲೂ ಫೀಡರ್ ಫುಲ್ ಓಡಿಸಿದ್ದಿರಾ? ತಿನ್ನದ ಫೀಡ್ ಕೊಳೆತರೆ ಆಕ್ಸಿಜನ್ ಇಳಿಯುತ್ತೆ ಅನ್ನೋದು ಗೊತ್ತಿರಬೇಕು, ಅಲ್ವಾ?

ಟೈಲರ್_ರೈತ: ಫೀಡರ್ ಬಂದ್ ಮಾಡಿದ್ದೆ. ಓದಿ ಉತ್ತರ ಬರೆಯಿರಿ. ನಿಮ್ಮ ಹೂಸ್ಟನ್ ಕಡೆ ಕರೆಂಟ್ ಕಂಬ ಕೆರೆಯ ಪಕ್ಕದಲ್ಲೇ ಇರಬಹುದು. ಎಲ್ಲರಿಗೂ ಇರಲ್ಲ.

ಲೂಯಿಸ್‌ವಿಲ್_ಗಾಳ: ಇಬ್ಬರೂ ಸುಮ್ನೆ ಸಾವಿರಾರು ಡಾಲರ್ ನೀರಿಗೆ ಸುರಿದಿದ್ದೀರಿ. ಡಲ್ಲಾಸ್ ಹತ್ತಿರದ ಲೇಕ್ ಲೂಯಿಸ್‌ವಿಲ್‌ನಲ್ಲಿ, ಲೇಕ್ ರೇ ಹಬ್ಬರ್ಡ್‌ನಲ್ಲಿ ಸರ್ಕಾರವೇ ಇದೇ ಮೀನು ಬಿಟ್ಟಿದೆ. ಲೈಸೆನ್ಸ್ ತಗೊಳ್ಳಿ, ಹೋಗಿ ಹಿಡಿಯಿರಿ. ಟೆಕ್ಸಾಸ್ ದಾಖಲೆ ರೇ ಹಬ್ಬರ್ಡ್‌ನದ್ದೇ, 1984ರಲ್ಲಿ, 19.66 ಪೌಂಡ್. ವಿಶ್ವದಾಖಲೆ ಆರ್ಕಾನ್ಸಾದ ಗ್ರೀರ್ಸ್ ಫೆರಿಯಲ್ಲಿ 1997ರದ್ದು, 27 ಪೌಂಡ್ 5 ಔನ್ಸ್. ಎರಡು ಎಕರೆ ಗುಂಡಿಯಲ್ಲಿ ಅದನ್ನ ಬೆಳೆಸಿ ನೋಡೋಣ.

ಅಲ್ಲಿ ದಿನಕ್ಕೆ ಐದು ಹೈಬ್ರಿಡ್, 18 ಇಂಚಿಗಿಂತ ಚಿಕ್ಕದು ಇಟ್ಟುಕೊಳ್ಳೋ ಹಾಗಿಲ್ಲ. ನನ್ನ ಜೊತೆ ಬಂದವನೊಬ್ಬ 15 ಇಂಚಿನ ಹೈಬ್ರಿಡ್ ಅನ್ನ ವೈಟ್ ಬಾಸ್ ಅಂದುಕೊಂಡು ಡಬ್ಬಿಗೆ ಹಾಕಿದ. ಮೀನು ಹಿಡಿಯೋ ನಿಯಮ ನೋಡಿಕೊಳ್ಳೋ ವಾರ್ಡನ್ ಬಂದು ಮೀನಿನ ಬಾಯಿ ತೆಗೆಸಿ, ನಾಲಿಗೆ ಮೇಲೆ ಬೆರಳಾಡಿಸಿ ತೋರಿಸಿದರು. ವೈಟ್ ಬಾಸ್‌ಗೆ ಹಲ್ಲಿನ ಪಟ್ಟಿ ಒಂದೇ, ಇದಕ್ಕೆ ಎರಡು. ದಂಡ ಕಟ್ಟಿದ. ಅವತ್ತಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಾನೇನು ಮಾಡಲಿ?

ಕೇಟಿ_ಕೃಷ್ಣ: ಶನಿವಾರ ಆ ಕೆರೆಗಳಲ್ಲಿ ದೋಣಿ ಇಳಿಸೋಕೆ ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನೂ ಬರೆಯಿರಿ. ಮಕ್ಕಳನ್ನ ಕರಕೊಂಡು ಹೋಗಿ ಗೊತ್ತಿದೆಯಾ?

ಅಟ್ಲಾಂಟಾ_ಶೆಟ್ಟಿ: ನಿಮ್ಮ ಜಗಳದ ಮಧ್ಯೆ ಒಬ್ಬರೂ ರುಚಿ ಬಗ್ಗೆ ಹೇಳಲಿಲ್ಲ ಮಾರಾಯ್ರೆ. ನಾವು ಮಂಗಳೂರಿನವರು, ಹಿಡಿದದ್ದನ್ನ ತಿನ್ನುತ್ತೇವೆ. ಹಿಡಿದ ತಕ್ಷಣ ಕಿವಿರು ಕೊಯ್ದು ರಕ್ತ ಬಿಡಿ, ಐಸ್‌ಗೆ ಹಾಕಿ. ಚರ್ಮ ತೆಗೆದ ಮೇಲೆ ಪಕ್ಕೆಯ ಉದ್ದಕ್ಕೂ ಒಂದು ಕೆಂಪು ಮಾಂಸದ ಪಟ್ಟಿ ಕಾಣುತ್ತೆ. ಅದನ್ನ ಪೂರ್ತಿ ಕೆತ್ತಿ ಬಿಸಾಡಿ. ಬಿಟ್ಟರೆ ಎಷ್ಟು ಹುಳಿ ಹಾಕಿದರೂ ಸಾರೆಲ್ಲ ಕೆಸರು ವಾಸನೆ. ಉಳಿದ ಬಿಳಿ ಮಾಂಸ ರವೆ ಫ್ರೈಗೆ ಒಳ್ಳೆಯದು. ಅಂಜಲ್ ಅಲ್ಲ, ಆದರೆ ಅಮೆರಿಕದಲ್ಲಿ ಕೂತು ಅಂಜಲ್ ಎಲ್ಲಿಂದ ತರೋದು.

ಲೂಯಿಸ್‌ವಿಲ್_ಗಾಳ: ಹಿಡಿದು ವಾಪಸ್ ಬಿಡೋದು ಅನ್ನೋ ಸಂಸ್ಕೃತಿನೂ ಒಂದು ಇದೆ ಶೆಟ್ಟರೆ.

ಅಟ್ಲಾಂಟಾ_ಶೆಟ್ಟಿ: ಜುಲೈನಲ್ಲಿ, 85 ಡಿಗ್ರಿ ನೀರಲ್ಲಿ? ಹೈಬ್ರಿಡ್ ಜೀವ ಹೋಗೋವರೆಗೆ ಸೆಣಸೋ ಮೀನು. ಫೋಟೋ ತೆಗೆದು ಬಿಡುತ್ತೀರಿ, ಅದು ಈಜಿಕೊಂಡು ಹೋಗಿ ಆಳದಲ್ಲಿ ಸಾಯುತ್ತೆ. ನಿಮಗೆ ಕಾಣಲ್ಲ ಅಷ್ಟೆ. ಬೇಸಿಗೆಯಲ್ಲಿ ಒಂದೋ ಹಿಡಿದು ತಿನ್ನಿ, ಇಲ್ಲ ಗಾಳ ಮನೆಯಲ್ಲಿಡಿ.

ಮಂಡ್ಯ_ಕೆರೆ_ಗುತ್ತಿಗೆ: ಅಣ್ಣಂದಿರೇ, ನಾನು ಊರಲ್ಲೇ ಇರೋನು. ಎರಡು ಕೆರೆ ಗುತ್ತಿಗೆ ಹಿಡಿದಿದ್ದೇನೆ. ಕಾಟ್ಲಾ, ರೋಹು ಬಿಟ್ಟು ಬೇರೆ ಏನೂ ಇಲ್ಲ. ಬೆಂಗಳೂರಿನ ಐಟಿ ಹುಡುಗರು ವಾರದ ಕೊನೆಗೆ ಗಾಳ ಹಾಕೋಕೆ ಬಂದು ದುಡ್ಡು ಕೊಡುತ್ತಾರೆ. ಈ ಮರಿ ಇಲ್ಲಿಗೆ ತರಿಸೋಕೆ ಆಗುತ್ತಾ? ಹೈಬ್ರಿಡ್ ಅಂದ್ರೆ ಬಂಜೆ ತಾನೆ, ಏನು ತೊಂದರೆ?

ಕಾನ್ಸಸ್_ಕನ್ನಡತಿ: ಬಂಜೆ ಅಲ್ಲ. ಇದನ್ನ ಎಷ್ಟು ಸಲ ಹೇಳೋದು. 1960ರ ದಶಕದಲ್ಲಿ ಸೌತ್ ಕೆರೊಲಿನಾದಲ್ಲಿ ಸ್ಟ್ರೈಪ್ಡ್ ಬಾಸ್ ಹೆಣ್ಣು, ವೈಟ್ ಬಾಸ್ ಗಂಡು ಸೇರಿಸಿ ಮಾಡಿದ ತಳಿ ಇದು. ನಮ್ಮ ಕಡೆ ವೈಪರ್ ಅಂತಾರೆ. ನಿಂತ ನೀರಲ್ಲಿ ಸಂತತಿ ಬೆಳೆಸಲ್ಲ ನಿಜ, ಮುಗಿದ ಮೇಲೆ ಮತ್ತೆ ದುಡ್ಡು ಕೊಟ್ಟು ತರಬೇಕು. ಆದರೆ ಹರಿಯೋ ನೀರಿಗೆ ಸೇರಿದರೆ ವೈಟ್ ಬಾಸ್ ಜೊತೆ ಬೆರೆಯುತ್ತೆ. ಮಂಡ್ಯದವರೇ, ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧ ಆದ ಮೇಲೂ ಕೆರೆ ಕೆರೆಗೆ ಹಬ್ಬಿದ್ದನ್ನ ನೋಡಿ ಸಾಲಲಿಲ್ಲವಾ? ಕಾವೇರಿಯಲ್ಲೇ ನೋಡಿ. ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆ ಮಹಶೀರ್ ತಂದು ಬಿಟ್ಟರು, ಒಳ್ಳೆ ಉದ್ದೇಶದಿಂದಲೇ. ಇವತ್ತು ಕಾವೇರಿಯದ್ದೇ ಆದ ಗೂನು ಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಅದು ಯಾವ ಜಾತಿ ಅಂತ ವಿಜ್ಞಾನಿಗಳು ಖಚಿತ ಮಾಡಿದ್ದೇ 2018ರಲ್ಲಿ.

ಮಂಡ್ಯ_ಕೆರೆ_ಗುತ್ತಿಗೆ: ಮೇಡಂ, ಅದಕ್ಕೆ ಮರಿ ಬಿಟ್ಟವರೊಬ್ಬರೇ ಕಾರಣನಾ? ಹೊಳೆಗೆ ಸಿಡಿಮದ್ದು ಹಾಕಿದವರು, ಮರಳು ತೆಗೆದವರು? ಅಲ್ಲಿಂದ ಹೇಳೋದು ಸುಲಭ.

ಕಾನ್ಸಸ್_ಕನ್ನಡತಿ: ಒಬ್ಬರೇ ಅಂತ ನಾನು ಎಲ್ಲಿ ಬರೆದೆ? ಮತ್ತೆ, ನಾನು ಹುಟ್ಟಿ ಬೆಳೆದದ್ದು ಕೊಳ್ಳೇಗಾಲ.

ಲಾಂಗ್‌ವ್ಯೂ_ಭಟ್: ಎಲ್ಲರೂ ಕೋಡಿ ಮರೆತಿದ್ದೀರಿ. ಹೈಬ್ರಿಡ್ ಹರಿವು ಕಂಡರೆ ಸುಮ್ಮನಿರಲ್ಲ, ಅತ್ತಲೇ ಓಡುತ್ತೆ. ಮಳೆ ಬಂದು ಕೋಡಿ ಬಿದ್ದ ರಾತ್ರಿ ನನ್ನ ಅರ್ಧ ಮೀನು ಕೆಳಗಿನವರ ಹುಲ್ಲುಗಾವಲು ಸೇರಿದವು. ಅವರ ಹಂದಿಗಳು ತಿಂದವು. ಆಮೇಲೆ ಕೋಡಿಗೆ 640 ಡಾಲರಿನ ಕಬ್ಬಿಣದ ಜಾಲರಿ ಕೂರಿಸಿದೆ. ಅದಕ್ಕೆ ಎಲೆ ಕಟ್ಟಿಕೊಂಡರೆ ನೀರು ಕೆರೆ ಏರಿಯ ಮೇಲೆ ಹತ್ತುತ್ತೆ. ಹಾಗಾಗಿ ಮಳೆ ಬಂದಾಗೆಲ್ಲ ನಾನು ಕುಂಟೆ ಹಿಡಿದು ಟಾರ್ಚ್ ಹಾಕಿಕೊಂಡು ಅಲ್ಲೇ. 2021ರ ಫೆಬ್ರವರಿ ಚಳಿಯಲ್ಲಿ ಇವಕ್ಕೆ ಮೇವು ಅಂತ ಬಿಟ್ಟಿದ್ದ ಥ್ರೆಡ್‌ಫಿನ್ ಶಾಡ್ ಅನ್ನೋ ಸಣ್ಣ ಮೀನು ಪೂರ್ತಿ ಸತ್ತವು. ಹೈಬ್ರಿಡ್‌ಗೆ ಏನೂ ಆಗಲಿಲ್ಲ. ಚಳಿ ತಡೆಯುತ್ತವೆ, ಸೆಕೆಯಲ್ಲಿ ಆಕ್ಸಿಜನ್ ಇಳಿದರೆ ತಡೆಯಲ್ಲ.

ಕೇಟಿ_ಕೃಷ್ಣ: ಶಾಡ್ ನಂಬಿಕೊಂಡವರಿಗೆ ಹಾಗೇ ಆಗಬೇಕು. ಫೀಡ್ ಹಾಕಿ.

ಲಾಂಗ್‌ವ್ಯೂ_ಭಟ್: ಸ್ವಾಮಿ, ನಿಮ್ಮ ಮಣ್ಣು ಬೇರೆ, ನಮ್ಮದು ಬೇರೆ. ನಮ್ಮ ಪೂರ್ವ ಟೆಕ್ಸಾಸಿನ ಪೈನ್ ಕಾಡಿನ ನೀರು ಹುಳಿ, ಸುಣ್ಣದ ಅಂಶ ಕಡಿಮೆ. ಎಕರೆಗೆ ಎರಡು ಟನ್ ಸುಣ್ಣದ ಕಲ್ಲಿನ ಪುಡಿ ಹೊಡೆಸಿದ ಮೇಲೆ ಮೀನು ಚೇತರಿಸಿಕೊಂಡವು. ಅದರ ಬಿಲ್ಲೂ ಇಟ್ಟಿದ್ದೇನೆ. ನಿಮ್ಮ ಕೆರೆಯ ಅಲ್ಕಲಿನಿಟಿ (ನೀರಿಗೆ ಹುಳಿ ತಡೆಯೋ ಶಕ್ತಿ) ಎಷ್ಟು ಅಂತ ನಂಬರ್ ಹಾಕಿ. ನಾನೂ ಹಾಕುತ್ತೇನೆ. ಆಮೇಲೆ ಫೀಡ್ ಬಗ್ಗೆ ಮಾತಾಡೋಣ.